ಗಣಿ ಉದ್ಯಮಿಯ ಬಂಗಲೆ ಚಿತ್ರಶಾಲೆಯಾದ ಬಗೆ

ಕರಾವಳಿಯಿಂದ ಬೆಂಗಳೂರಿಗೆ ಹೋಗಿಬರುವ ನಮ್ಮಲ್ಲಿ ಹಲವರಿಗೆ ಅರಮನೆ ರಸ್ತೆ ಗೊತ್ತಿರುವ ದಾರಿ. ಮಗಳನ್ನು ಮೌಂಟ್ ಕಾರ್ಮೆಲ್ ಕಾಲೇಜಿಗೆ ಸೇರಿಸಲು ರಾತ್ರಿ ಬಸ್ಸಿನಲ್ಲಿ ಬಂದು, ಬೆಳಿಗ್ಗೆ ಗೇಟಿನ ಮುಂದೆ ಕಾದು ನಿಂತ ತಂದೆತಾಯಂದಿರು ಕಡಿಮೆಯೇನಿಲ್ಲ. ಅದೇ ರಸ್ತೆಯಲ್ಲಿ, ದೊಡ್ಡ ದೊಡ್ಡ ಮರಗಳ ಮರೆಯಲ್ಲಿ, ಬಿಳಿ ಬಣ್ಣದ ಒಂದು ಹಳೆಯ ಬಂಗಲೆ ಇದೆ. ಹೆಸರು ಮಾಣಿಕ್ಯವೇಲು ಮ್ಯಾನ್ಷನ್. ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಇದು ತಟ್ಟನೆ ಬೀಳುವುದಿಲ್ಲ. ಸರಕಾರಿ ಕಚೇರಿ ಇರಬಹುದೆಂದು ತಿಳಿದು ಮುಂದೆ ಹೋಗುವವರೇ ಹೆಚ್ಚು. ಆದರೆ ಇದು ಗಣಿ ಉದ್ಯಮದಲ್ಲಿ ಹಣ ಗಳಿಸಿದ ಒಬ್ಬ ಉದ್ಯಮಿಯ ಮನೆಯಾಗಿತ್ತು. 2009ರ ಫೆಬ್ರವರಿ 18ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಬೆಂಗಳೂರು ಶಾಖೆಯಾಗಿದೆ.

ಹಳೆಯ ಮನೆಗಳನ್ನು ಕುರಿತು ಈ ಪುಟಗಳಲ್ಲಿ ಬರೆಯುವುದಕ್ಕೆ ಕಾರಣವಿದೆ. ನಮ್ಮ ಧರ್ಮಕೇಂದ್ರಗಳಲ್ಲಿ, ಕಾನ್ವೆಂಟುಗಳಲ್ಲಿ, ನಮ್ಮ ಹಿರಿಯರ ಮನೆಗಳಲ್ಲಿ ನೂರು ವರ್ಷ ದಾಟಿದ ಕಟ್ಟಡಗಳು ಇನ್ನೂ ಇವೆ. ಪಾಲನಾ ಪರಿಷತ್ತಿನ ಸಭೆಯಲ್ಲಿ "ಹಳೇ ಬಂಗ್ಲೆ ಕೆಡವೋಣವೇ, ಉಳಿಸೋಣವೇ" ಎಂಬ ಪ್ರಶ್ನೆ ಒಂದಲ್ಲ ಒಂದು ವರ್ಷ ಬಂದೇ ಬರುತ್ತದೆ. ಆ ಪ್ರಶ್ನೆಗೆ ಉತ್ತರ ಹುಡುಕುವವರು ಒಮ್ಮೆ ಅರಮನೆ ರಸ್ತೆಯ ಈ ಮನೆಯನ್ನು ನೋಡಿಬರುವುದು ಒಳ್ಳೆಯದು.

ಮೊದಲು ಮನೆಯ ಯಜಮಾನರ ವಿಷಯ. ರಾಜಾ ಮಾಣಿಕ್ಯವೇಲು ಮುದಲಿಯಾರರು ಬಡ ಕುಟುಂಬದಲ್ಲಿ ಹುಟ್ಟಿದವರು. ಹಿಂದಿನ ಮೈಸೂರು ಸಂಸ್ಥಾನದಲ್ಲಿ ಮ್ಯಾಂಗನೀಸ್ ಮತ್ತು ಕ್ರೋಮ್ ಗಣಿಗಳನ್ನು ಗುತ್ತಿಗೆಗೆ ಹಿಡಿದು ದೊಡ್ಡ ಉದ್ಯಮಿಯಾದರು. ಇಂದಿನ ಓದುಗರಿಗೆ ಗಣಿ ಎಂದೊಡನೆ ಬಳ್ಳಾರಿಯ ಕಬ್ಬಿಣದ ಅದಿರು ನೆನಪಾಗುತ್ತದೆ. ಅಂದಿನ ಮಾತು ಬೇರೆ. ಉಕ್ಕು ಗಟ್ಟಿಯಾಗಲು ಮ್ಯಾಂಗನೀಸ್ ಬೇಕು. ತುಕ್ಕು ಹಿಡಿಯದ ಉಕ್ಕಿಗೆ ಕ್ರೋಮ್ ಬೇಕು, ಚರ್ಮ ಹದ ಮಾಡುವುದಕ್ಕೂ ಕ್ರೋಮ್ ಬೇಕು. ಶಿವಮೊಗ್ಗ, ಚಿತ್ರದುರ್ಗದ ಕಡೆ ಮ್ಯಾಂಗನೀಸ್ ಸಿಗುತ್ತಿತ್ತು. ಹಾಸನ ಮತ್ತು ಮೈಸೂರು ಜಿಲ್ಲೆಗಳಲ್ಲಿ ಕ್ರೋಮ್ ಸಿಗುತ್ತಿತ್ತು. ಸಂಸ್ಥಾನದ ಒಳನಾಡಿನಲ್ಲಿ ಅಗೆದ ಈ ಅದಿರಿಗೆ ಹೊರದೇಶದ ಉಕ್ಕಿನ ಕಾರ್ಖಾನೆಗಳಲ್ಲಿ ಬೇಡಿಕೆಯಿತ್ತು. ಹಾಗೆ ಗಳಿಸಿದವರು ಬೆಂಗಳೂರಿನಲ್ಲಿ ತಮ್ಮ ಅಂತಸ್ತಿಗೆ ತಕ್ಕ ಮನೆ ಬೇಕೆಂದು ಹುಡುಕಿದರೆ ಆಶ್ಚರ್ಯವಿಲ್ಲ.

ವಿಶೇಷವೆಂದರೆ, ಈ ಮನೆಯನ್ನು ಅವರು ತಾವೇ ಕಟ್ಟಿಸಲಿಲ್ಲ. ಮೈಸೂರಿನ ಯುವರಾಜರಿಂದ ಕೊಂಡರು. ಹೀಗೆ ರಾಜಮನೆತನದ ಆಸ್ತಿಯೊಂದು ಗಣಿ ಉದ್ಯಮಿಯ ಕೈಗೆ ಬಂತು, ಅವರ ಹೆಸರನ್ನೇ ಹೊತ್ತುಕೊಂಡು ಉಳಿಯಿತು. ಮಾರಿದ ಯುವರಾಜರ ಹೆಸರನ್ನು ಈ ಮನೆಯ ಜೊತೆಗೆ ಈಗ ಯಾರೂ ಹೇಳುವುದಿಲ್ಲ.

ಇದರ ಮಹತ್ವ ತಿಳಿಯಬೇಕಾದರೆ ಒಮ್ಮೆ ಮೈಸೂರನ್ನು ನೆನೆದುಕೊಳ್ಳಬೇಕು. ಉದಯಗಿರಿ, ನಜರ್‌ಬಾದ್ ಕಡೆ ಬಂಧುಗಳಿರುವ ಓದುಗರಿಗೆ ಆ ಭಾಗದ ಮಹಲುಗಳ ಪರಿಚಯ ಇದ್ದೇ ಇರುತ್ತದೆ. 1921ರಲ್ಲಿ ಶಂಕುಸ್ಥಾಪನೆಯಾದ ಲಲಿತಮಹಲ್ ಅರಸರ ಅತಿಥಿಗಳಿಗಾಗಿ ಕಟ್ಟಿದ್ದು, 1974ರಲ್ಲಿ ಹೋಟೆಲಾಯಿತು. ನಜರ್‌ಬಾದಿನ ಕಾರಂಜಿ ಮಹಲಿನಲ್ಲಿ ಅಂಚೆ ಇಲಾಖೆಯ ತರಬೇತಿ ಕೇಂದ್ರ ನಡೆಯಿತು. ರಾಜಕುಮಾರಿಗಾಗಿ ಕಟ್ಟಿದ ಚೆಲುವಾಂಬ ಮ್ಯಾನ್ಷನ್ನಿನಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಆರಂಭವಾಯಿತು. ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವಾಯಿತು. ಇವೆಲ್ಲ ಅರಮನೆಯವರು ಕಟ್ಟಿಸಿದ ಮಹಲುಗಳು. ಅರಸರ ಹೆಸರು ಇದ್ದುದರಿಂದಲೇ ಅವುಗಳಿಗೆ ಸರಕಾರದ ಒಂದೊಂದು ಸಂಸ್ಥೆ ಬಂದು ಸೇರಿತು, ಸುತ್ತಿಗೆ ಬೀಳಲಿಲ್ಲ. ವ್ಯಾಪಾರಿಯ, ಉದ್ಯಮಿಯ ಮನೆಗೆ ಅಂಥ ರಕ್ಷಣೆ ಇಲ್ಲ. ಯಜಮಾನ ತೀರಿಕೊಂಡರೆ ಮಕ್ಕಳಲ್ಲಿ ಪಾಲಾಗುತ್ತದೆ. ಪಾಲಾದ ಮೇಲೆ ಮನೆಗಿಂತ ಅದರ ಅಡಿಯ ನೆಲಕ್ಕೇ ಬೆಲೆ ಜಾಸ್ತಿ. ಬೆಂಗಳೂರಿನ ಹಳೆ ಬಂಗಲೆಗಳಲ್ಲಿ ಹೆಚ್ಚಿನವು ಹೋದದ್ದು ಹೀಗೆಯೇ. ಮಂಗಳೂರಿನಲ್ಲಿಯೂ ಬೇರೆ ರೀತಿ ಏನಿಲ್ಲ.

ಮಾಣಿಕ್ಯವೇಲು ಮ್ಯಾನ್ಷನ್ ಕೂಡ ಆ ದಾರಿಗೆ ಹತ್ತಿರ ಬಂದಿತ್ತೆನ್ನಬೇಕು. 1960ರ ದಶಕದಲ್ಲಿ ಅದನ್ನು ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ವಾಧೀನಪಡಿಸಿಕೊಂಡಿತು. 1945ರಲ್ಲಿ ಹುಟ್ಟಿ 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದಲ್ಲಿ ಸೇರಿಹೋದ ಮಂಡಳಿ ಅದು. ಬಡಾವಣೆ ಮಾಡಿ ನಿವೇಶನ ಹಂಚುವುದು ಅದರ ಮುಖ್ಯ ಕೆಲಸ. ಮುಂದೆ ಮನೆ ಗೃಹಮಂಡಳಿಗೆ ಹಸ್ತಾಂತರವಾಯಿತು. ಒಂದಕ್ಕೆ ನಿವೇಶನ ಹಂಚುವ ಕೆಲಸ, ಇನ್ನೊಂದಕ್ಕೆ ಹೊಸ ಮನೆ ಕಟ್ಟುವ ಕೆಲಸ. ಅಂಥ ಎರಡು ಸಂಸ್ಥೆಗಳ ಕೈಯಲ್ಲಿ ಮೂರೂವರೆ ಎಕರೆ ತೋಟದ ನಡುವಿನ ಹಳೆ ಬಂಗಲೆ ದಶಕಗಳ ಕಾಲ ನಿಂತೇ ಇತ್ತೆಂಬುದು ಒಂದು ಸೋಜಿಗ. ಅದೂ ವಿಧಾನಸೌಧದಿಂದ ಹೆಚ್ಚು ದೂರವಿಲ್ಲದ ಜಾಗದಲ್ಲಿ.

ಕೊನೆಗೆ 2000ದಲ್ಲಿ ಕೇಂದ್ರ ಸಂಸ್ಕೃತಿ ಇಲಾಖೆ ಈ ಕಟ್ಟಡವನ್ನು ಗುತ್ತಿಗೆಗೆ ಪಡೆಯಿತು. ಚಿತ್ರಶಾಲೆಯ ಬಾಗಿಲು ತೆರೆಯಲು ಆಮೇಲೂ ಒಂಬತ್ತು ವರ್ಷ ಬೇಕಾಯಿತು. ಸರಕಾರಿ ಕೆಲಸವಲ್ಲವೇ ಎಂದು ನಗಬಹುದು. ಆದರೆ ಹಳೆ ಕಟ್ಟಡದ ಕೆಲಸದಲ್ಲಿ ಅವಸರಕ್ಕಿಂತ ಈ ನಿಧಾನವೇ ಎಷ್ಟೋ ವಾಸಿ ಎಂದು ನನಗನ್ನಿಸುತ್ತದೆ.

ಇನ್ನು ಮನೆಯ ವಾಸ್ತುವಿಗೆ ಬರೋಣ. ಬ್ರಿಟಿಷರ ಕಾಲದ ಬೆಂಗಳೂರಿನಲ್ಲಿ ದೊಡ್ಡವರ ಬಂಗಲೆಗಳು ಒಂದು ಕ್ರಮದಲ್ಲಿ ಬೆಳೆದವು. ರಸ್ತೆಗೆ ಅಂಟಿಕೊಂಡು ಮನೆ ಕಟ್ಟುವುದಿಲ್ಲ. ಗೇಟಿನಿಂದ ಒಳಗೆ ಬಂಡಿ ಹೋಗುವ ದಾರಿ, ಅದರ ತುದಿಯಲ್ಲಿ ಕುದುರೆಗಾಡಿಯೋ ಮೋಟಾರೋ ನಿಲ್ಲಲು ಪೋರ್ಟಿಕೊ. ಪೋರ್ಟಿಕೊ ದಾಟಿದರೆ ಜಗಲಿ, ಜಗಲಿಯಿಂದ ನಡುಮನೆ, ಅಲ್ಲಿಂದ ಮಹಡಿಗೆ ಅಗಲವಾದ ಮೆಟ್ಟಿಲು. ನಡುವಿನ ಕೋಣೆಯ ಸುತ್ತ ಉಳಿದ ಕೋಣೆಗಳು. ಅಡಿಗೆಮನೆ, ಆಳುಗಳ ಮನೆ, ಲಾಯ ಎಲ್ಲ ಹಿಂದೆ, ಮುಖ್ಯ ಮನೆಯಿಂದ ಬೇರೆಯಾಗಿ. ಮಾಣಿಕ್ಯವೇಲು ಮ್ಯಾನ್ಷನ್ ಕೂಡ ಇದೇ ವಂಶದ್ದು. ಎರಡು ಅಂತಸ್ತು, ಮುಂದೆ ತೋಟ, ಬಿಳಿ ಗೋಡೆ.

ಈ ಕ್ರಮ ಬರಿಯ ಆಡಂಬರವಲ್ಲ. ವಿದ್ಯುತ್ ಪಂಖಾ ಸಾಮಾನ್ಯವಾಗುವ ಮೊದಲು ಮನೆಯನ್ನು ತಂಪಾಗಿಡಬೇಕಾದದ್ದು ಮನೆಯ ರಚನೆಯೇ. ಜಗಲಿ ಬಿಸಿಲನ್ನು ಗೋಡೆಯಿಂದ ದೂರ ಇಡುತ್ತದೆ. ಎತ್ತರದ ಮಾಳಿಗೆಯಡಿ ಬಿಸಿಗಾಳಿ ಮೇಲಕ್ಕೇರಿ, ಬಾಗಿಲ ಮೇಲಿನ ಗವಾಕ್ಷಿಗಳಿಂದ ಹೊರಗೆ ಹೋಗುತ್ತದೆ. ದಪ್ಪ ಗೋಡೆ ಹಗಲಿನ ಕಾವನ್ನು ನಿಧಾನವಾಗಿ ಹೀರಿಕೊಂಡು ರಾತ್ರಿ ಬಿಡುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಹವೆಗೆ ಇಷ್ಟು ಸಾಕಾಗುತ್ತಿತ್ತು.

ನಮ್ಮ ಕರಾವಳಿಯ ದೊಡ್ಡ ಮನೆಗಳಿಗೂ ಬೆಂಗಳೂರಿನ ಬಂಗಲೆಗಳಿಗೂ ಇರುವ ದೊಡ್ಡ ವ್ಯತ್ಯಾಸ ತಲೆಯ ಮೇಲಿದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸಾವಿರ ಮಿಲಿಮೀಟರಿನ ಆಸುಪಾಸು. ಮಂಗಳೂರಿನಲ್ಲಿ ಅದರ ಮೂರು ಪಾಲಿಗೂ ಹೆಚ್ಚು. ಹಾಗಾಗಿ ಘಟ್ಟದ ಮೇಲೆ ಮದರಾಸು ತಾರಸಿ ನಡೆಯಿತು. ಮರದ ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ ಕೂರಿಸಿ, ಮೇಲೆ ಗಾರೆಯನ್ನು ದಿನಗಟ್ಟಲೆ ಬಡಿದು ಗಟ್ಟಿ ಮಾಡುತ್ತಿದ್ದ ತಾರಸಿ ಅದು. ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೀರು ಸೇರಿಸುತ್ತಿದ್ದರು. ಕರಾವಳಿಯಲ್ಲಿ ಅಂಥ ಮಟ್ಟಸ ತಾರಸಿ ಆಟಿ ತಿಂಗಳ ಮಳೆ ತಡೆಯುವುದು ಕಷ್ಟ. ನಮಗೆ ಇಳಿಜಾರಿನ ಮಾಡೇ ಬೇಕು.

ಆ ಮಾಡಿಗೆ ಹಂಚು ಕೊಟ್ಟ ಉದ್ಯಮ ನಮ್ಮೂರಿನದೇ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬಹುದು. ಬಾಸೆಲ್ ಮಿಶನಿನ ಜಾರ್ಜ್ ಪ್ಲೆಬ್ಸ್ಟ್ 1860ರ ದಶಕದಲ್ಲಿ ಮಂಗಳೂರಿನಲ್ಲಿ ಯಂತ್ರದ ಹಂಚು ತಯಾರಿಸಿದರು. ಅವರ ಬೆನ್ನಿಗೇ 1868ರಲ್ಲಿ ಪಾಣೆಮಂಗಳೂರಿನಲ್ಲಿ ಪಾಸ್ಕಲ್ ಅಲ್ಬುಕರ್ಕ್ ಅವರು ಹಂಚಿನ ಕಾರ್ಖಾನೆ ಆರಂಭಿಸಿದರು. ಭಾರತೀಯರೊಬ್ಬರ ಮೊದಲ ಮಂಗಳೂರು ಹಂಚಿನ ಕಾರ್ಖಾನೆ ಅದೇ. ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುವ ಈ ಹಂಚು ಹಗುರ. ಒಂದು ಒಡೆದರೆ ಅದೊಂದನ್ನೇ ಬದಲಿಸಿದರಾಯಿತು. ಗಣಿಯ ಹಣದಿಂದ ಮಾಣಿಕ್ಯವೇಲು ಅವರು ಮನೆ ಕೊಂಡಂತೆ, ಹಂಚಿನ, ಕಾಫಿಯ, ಗೇರುಬೀಜದ ಹಣದಿಂದ ನಮ್ಮಲ್ಲಿ ದೊಡ್ಡ ಮನೆಗಳು ಎದ್ದವು. ಮುರಕಲ್ಲಿನ ಗೋಡೆ, ಸಾಗುವಾನಿ ಪಕ್ಕಾಸು, ರೀಪು, ಹಂಚು, ಉದ್ದ ಜಗಲಿ. ಅವುಗಳಲ್ಲಿ ಎಷ್ಟು ಉಳಿದಿವೆ ಎಂದು ಓದುಗರು ತಮ್ಮ ತಮ್ಮ ವಾರ್ಡಿನಲ್ಲಿ ಎಣಿಸಿ ನೋಡಬಹುದು.

ಮನೆಯನ್ನು ಚಿತ್ರಶಾಲೆ ಮಾಡುವುದು ಕೇಳಲು ಸುಲಭ. ದೊಡ್ಡ ಕೋಣೆಗಳಿವೆ, ಗೋಡೆಗಳಿವೆ, ಚಿತ್ರ ತೂಗುಹಾಕಿದರಾಯಿತಲ್ಲ ಎನಿಸುತ್ತದೆ. ಆದರೆ ಮನೆಗೂ ಚಿತ್ರಶಾಲೆಗೂ ಹುಟ್ಟಿನಿಂದಲೇ ಜಗಳ. ಮನೆಗೆ ಕಿಟಕಿ ತೆರೆದಿರಬೇಕು, ಚಿತ್ರಕ್ಕೆ ಮುಚ್ಚಿರಬೇಕು. ಜಲವರ್ಣದ ಚಿತ್ರದ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದೆಂದು ಸಂಗ್ರಹಾಲಯಗಳಲ್ಲಿ ಲೆಕ್ಕವಿದೆ. ಅಂದರೆ ಮುಸ್ಸಂಜೆ ಕೋಣೆಯೊಳಗೆ ಇರುವಷ್ಟು ಮಂದ ಬೆಳಕು. ತೈಲವರ್ಣಕ್ಕೆ 200 ಲಕ್ಸ್‌ವರೆಗೆ ನಡೆಯುತ್ತದೆ. ಕಿಟಕಿಯಿಂದ ಬರುವ ಹಗಲು ಬೆಳಕು ಇದರ ಎಷ್ಟೋ ಪಟ್ಟು. ಗಾಳಿಯ ತೇವ ದಿನದಿನಕ್ಕೆ ಏರಿಳಿದರೆ ಕಾಗದ ಸುರುಟುತ್ತದೆ, ಕ್ಯಾನ್ವಾಸಿನ ಬಣ್ಣ ಬಿರಿಯುತ್ತದೆ. ದೊಡ್ಡ ಶಿಲ್ಪ ನಿಲ್ಲಿಸಲು ಗಟ್ಟಿ ನೆಲ ಬೇಕು, ಹಳೆ ಮನೆಯ ಮಹಡಿ ಅದನ್ನು ತಾಳಲಿಕ್ಕಿಲ್ಲ. ಕಳ್ಳತನದ ಕಾವಲು, ಬೆಂಕಿಯ ಭಯ, ಶಾಲಾಮಕ್ಕಳ ಗುಂಪು, ಶೌಚಾಲಯ ಎಲ್ಲವನ್ನೂ ಒಂದು ಕುಟುಂಬಕ್ಕಾಗಿ ಕಟ್ಟಿದ ಮನೆಯೊಳಗೆ ತುರುಕಿದರೆ ಮನೆಯೇ ಮಾಯವಾಗುತ್ತದೆ.

ಅರಮನೆ ರಸ್ತೆಯಲ್ಲಿ ಇದಕ್ಕೆ ಕಂಡುಕೊಂಡ ಪರಿಹಾರ ನನಗೆ ತುಂಬಾ ಹಿಡಿಸಿತು. ಕೆಲಸದ ವಾಸ್ತುಶಿಲ್ಪಿ ಬೆಂಗಳೂರಿನ ನರೇಶ್ ನರಸಿಂಹನ್. ಹಳೆ ಮನೆ ಏನನ್ನು ಮಾಡಬಲ್ಲದೋ ಅದನ್ನು ಅದಕ್ಕೆ ಬಿಟ್ಟು, ಏನು ಅದರಿಂದ ಆಗದೋ ಅದಕ್ಕಾಗಿ ಪಕ್ಕದಲ್ಲಿ ಹೊಸದನ್ನು ಕಟ್ಟಿದ್ದಾರೆ. ಹೊಸ ಗ್ಯಾಲರಿಯ ವಿಸ್ತೀರ್ಣ 1260 ಚದರ ಮೀಟರ್. ಸಭಾಂಗಣ, ಗ್ರಂಥಾಲಯ, ಕ್ಯಾಂಟೀನ್ ಇವೆಲ್ಲಕ್ಕೂ ತೋಟದಲ್ಲೇ ಜಾಗ ಮಾಡಿದ್ದಾರೆ. ಹೊಸ ಕಟ್ಟಡ ಹಳೆಯದರ ವೇಷ ಹಾಕಿಕೊಂಡಿಲ್ಲ. ಕಮಾನು, ಕಂಬ, ಹೂಬಳ್ಳಿಯ ಗಾರೆಕೆಲಸ ಯಾವುದನ್ನೂ ನಕಲು ಮಾಡಿಲ್ಲ. ನೋಡಿದವರಿಗೆ ಇದು ಅಂದಿನದು, ಇದು ಇಂದಿನದು ಎಂದು ಮಗುವಿಗೂ ತಿಳಿಯುವಂತಿದೆ. ಹಾಗೆಂದು ಹಳೆಯದರ ಮೇಲೆ ಏರಿ ನಿಂತೂ ಇಲ್ಲ. ಗೇಟಿನಿಂದ ಬರುವವರಿಗೆ ಮೊದಲು ಕಾಣುವುದು ಬಂಗಲೆಯೇ.

ನಮ್ಮಲ್ಲಿ ಆಗುವುದು ಸಾಮಾನ್ಯವಾಗಿ ಇದರ ತಿರುವುಮುರುವು. ಹಳೆಯ ಕಟ್ಟಡದ ಮುಂದೆಯೇ ದೊಡ್ಡ ಕಾಂಕ್ರೀಟ್ ಪೋರ್ಟಿಕೊ ಕಟ್ಟುತ್ತೇವೆ. ಅಥವಾ ಹೊಸ ಕಟ್ಟಡಕ್ಕೆ ಸಿಮೆಂಟಿನ ಸುಳ್ಳು ಕಮಾನು ಹಾಕಿ "ಹೆರಿಟೇಜ್ ಲುಕ್" ಎನ್ನುತ್ತೇವೆ. ಎರಡೂ ಹಣದ ಖರ್ಚೇ.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಕಂಡ ಒಂದು ಹಳೆಯ ಬಂಗಲೆಯಲ್ಲಿ, ಊರು ಬೇಡ, ಗೋಡೆಗೆ ತೇವ ಬಂತೆಂದು ಸುಣ್ಣದ ಗಾರೆಯನ್ನೆಲ್ಲ ಕೆತ್ತಿಸಿ ಸಿಮೆಂಟ್ ಪ್ಲಾಸ್ಟರ್ ಹಾಕಿಸಿದರು. ಮೇಲೆ ಹೊಳೆಯುವ ಪೈಂಟ್. ಎರಡು ಮಳೆಗಾಲ ಕಳೆಯುವುದರೊಳಗೆ ಪೈಂಟ್ ಹಪ್ಪಳದಂತೆ ಎದ್ದುಬಂತು. ಗೋಡೆಯ ಒಳಗೆ ಸೇರಿಸಿದ್ದ ತೊಲೆಯ ತುದಿಗಳು ಕೊಳೆತವು. ಕಂಟ್ರಾಕ್ಟರನ್ನು ಬೈದದ್ದಾಯಿತು. ನಿಜವಾದ ಕಾರಣ ಬೇರೆ. ಮುರಕಲ್ಲಾಗಲಿ ಹಳೆ ಇಟ್ಟಿಗೆಯಾಗಲಿ ನೆಲದಿಂದ, ಮಳೆಯಿಂದ ನೀರು ಹೀರಿಯೇ ಹೀರುತ್ತದೆ. ಸುಣ್ಣದ ಗಾರೆ ಆ ತೇವವನ್ನು ಬೇಸಗೆಯಲ್ಲಿ ಹೊರಗೆ ಬಿಡುತ್ತದೆ. ಗೋಡೆ ಉಸಿರಾಡುತ್ತದೆ ಎಂದು ಹಳೆ ಮೇಸ್ತ್ರಿಗಳು ಹೇಳುತ್ತಿದ್ದುದು ಇದನ್ನೇ. ಸಿಮೆಂಟ್ ಆ ದಾರಿಯನ್ನು ಮುಚ್ಚುತ್ತದೆ. ಒಳಗೆ ಸಿಕ್ಕಿಬಿದ್ದ ನೀರು ಉಪ್ಪನ್ನು ಹೊತ್ತು ತಂದು ಪ್ಲಾಸ್ಟರನ್ನು ಹಿಂದಿನಿಂದ ತಳ್ಳುತ್ತದೆ, ಮರವನ್ನು ಕೊಳೆಸುತ್ತದೆ, ಗೆದ್ದಲನ್ನು ಕರೆಯುತ್ತದೆ. ಸುಣ್ಣದ ಗೋಡೆಗೆ ಸುಣ್ಣವೇ ಮದ್ದು. ಇದು ಅಗ್ಗವೂ ಹೌದು, ಗೊತ್ತಿರುವ ಕೆಲಸದವರು ಸಿಗುವುದೇ ಈಗ ಕಷ್ಟ.

ಮಾಡಿನ ವಿಷಯವೂ ಹೀಗೆಯೇ. ಹಂಚಿನ ಮಾಡು ಸೋರುತ್ತದೆ, ತೆಗೆದು ತಾರಸಿ ಹಾಕೋಣ ಎಂದು ಸಭೆಯಲ್ಲಿ ಯಾರಾದರೂ ಹೇಳುತ್ತಾರೆ, ಎಲ್ಲರೂ ತಲೆಯಾಡಿಸುತ್ತಾರೆ. ಲೆಕ್ಕ ಮಾಡಿ ನೋಡಿ. ಮರ, ಹಂಚು ಎಲ್ಲ ಸೇರಿ ಹಂಚಿನ ಮಾಡು ಒಂದು ಚದರ ಮೀಟರಿಗೆ ಸುಮಾರು 60-70 ಕಿಲೋ ಭಾರ. 12 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಸ್ಲ್ಯಾಬ್ ಅಷ್ಟೇ ಜಾಗದಲ್ಲಿ 300 ಕಿಲೋ. ಹಗುರ ಮಾಡಿಗೆಂದು ಸುಣ್ಣದಲ್ಲಿ ಕಟ್ಟಿದ ಮುರಕಲ್ಲಿನ ಗೋಡೆಯ ಮೇಲೆ ನಾಲ್ಕು ಪಟ್ಟು ಭಾರ ಹೊರಿಸಿ, ಆಮೇಲೆ ಬಿರುಕು ಬಿಟ್ಟಿತೆಂದು ಇಡೀ ಕಟ್ಟಡವನ್ನೇ ಕೆಡವಿದರೆ ತಪ್ಪು ಹಳೆ ಕಟ್ಟಡದ್ದಲ್ಲ.

ಮಳೆನೀರು ಎಂಥ ಹಾನಿ ಮಾಡಬಲ್ಲದು ಎಂಬುದಕ್ಕೆ ನಮ್ಮ ಎದುರೇ ಉದಾಹರಣೆಯಿದೆ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನ ಗೋಡೆ, ಮಾಳಿಗೆಗಳ ಮೇಲೆ ಇಟಲಿಯ ಜೆಸ್ವಿತ್ ಸಹೋದರ ಅಂತೋನಿಯೊ ಮೊಸ್ಕೇನಿ ಅವರು 1899ರಿಂದ 1901ರವರೆಗೆ ಬರೆದ ಚಿತ್ರಗಳಿಗೆ ನೀರಿನ ತೇವದಿಂದ ಕೇಡಾಗಿತ್ತು. 1990ರ ದಶಕದಲ್ಲಿ ಇಂಟಾಕ್ ಸಂಸ್ಥೆಯ ತಜ್ಞರು ಅವನ್ನು ಮತ್ತೆ ಸರಿಪಡಿಸಿದರು. ಒಮ್ಮೆ ಸರಿಪಡಿಸಿದರೆ ಕೆಲಸ ಮುಗಿಯಿತೆಂದೂ ಅಲ್ಲ. ಮೈಸೂರಿನ ಜಯಲಕ್ಷ್ಮೀ ವಿಲಾಸವನ್ನು 2000ದ ದಶಕದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ದುರಸ್ತಿ ಮಾಡಲಾಗಿತ್ತು. ಎರಡು ದಶಕಗಳಾಗುವಷ್ಟರಲ್ಲಿ ಅದಕ್ಕೆ ಮತ್ತೆ ದುರಸ್ತಿಯ ಅಗತ್ಯ ಬಂತು. ಹಂಚು ತೊಳೆಸುವುದು, ದೋಣಿಯ ಎಲೆ ತೆಗೆಸುವುದು, ಒಡೆದ ಹಂಚು ಬದಲಿಸುವುದು ಪ್ರತಿ ಮೇ ತಿಂಗಳ ಖರ್ಚು. ಬಜೆಟ್ಟಿನಲ್ಲಿ ಅದಕ್ಕೊಂದು ಸಾಲು ಇರಬೇಕು.

ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಮೂರು ಮನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇನ್ನೊಂದು ಸ್ವಾರಸ್ಯ ಕಾಣುತ್ತದೆ. ದೆಹಲಿಯಲ್ಲಿ ಅದು 1954ರಲ್ಲಿ ಆರಂಭವಾದದ್ದು ಜೈಪುರ ಹೌಸಿನಲ್ಲಿ. ಅದು ಜೈಪುರದ ಮಹಾರಾಜರಿಗಾಗಿ 1936ರಲ್ಲಿ ಕಟ್ಟಿದ ಮನೆ. ಮುಂಬಯಿಯಲ್ಲಿ 1996ರಲ್ಲಿ ಬಾಗಿಲು ತೆರೆದದ್ದು ಸರ್ ಕಾವಸ್ಜಿ ಜಹಾಂಗೀರ್ ಹಾಲಿನಲ್ಲಿ. ಅದು ಶ್ರೀಮಂತ ಪಾರ್ಸಿ ಮನೆತನದ ಹೆಸರಿನ ಸಾರ್ವಜನಿಕ ಸಭಾಭವನ, 1911ರ ಕಟ್ಟಡ. ಬೆಂಗಳೂರಿನದು ಉದ್ಯಮಿಯ ಸಂಸಾರ ನಡೆದ ಮನೆ. ಮೂರರಲ್ಲಿ ಒಂದೂ ಚಿತ್ರಶಾಲೆಗೆಂದು ಕಟ್ಟಿದ್ದಲ್ಲ. ಮುಂಬಯಿಯ ಸಭಾಭವನದಲ್ಲಿ ಒಳಭಾಗವನ್ನೆಲ್ಲ ಬದಲಿಸಿ ಹಲವು ಅಂತಸ್ತು ಮಾಡಬೇಕಾಯಿತು. ಬೆಂಗಳೂರಿನಲ್ಲಿ ಪಕ್ಕದಲ್ಲಿ ತೋಟವಿದ್ದುದರಿಂದ ಮನೆಯ ಕೋಣೆಗಳು ಕೋಣೆಗಳಾಗಿಯೇ ಉಳಿದವು. ಹಾಗಾಗಿ ಹಳೆ ಬಂಗಲೆಯೊಳಗೆ ಚಿತ್ರ ನೋಡುತ್ತ ಹೋಗುವಾಗ ಒಬ್ಬರ ಮನೆಗೆ ಬಂದಂತೆ ಅನಿಸುತ್ತದೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ಬಾಗಿಲಿದೆ, ಹೊಸ್ತಿಲಿದೆ. ಚಿತ್ರದಿಂದ ಕಣ್ಣೆತ್ತಿದರೆ ಎತ್ತರದ ಮಾಳಿಗೆ ಕಾಣುತ್ತದೆ. ಮಹಡಿಗೆ ಹತ್ತುವಾಗ ಕೈ ತಾನಾಗಿ ಹಿಡಿಗಟ್ಟಿನ ಮೇಲೆ ಹೋಗುತ್ತದೆ.

ತೋಟವನ್ನು ಮರೆಯುವಂತಿಲ್ಲ. ಮೂರೂವರೆ ಎಕರೆಯಲ್ಲಿ ಕಟ್ಟಡಗಳ ಪಾಲು ಸಣ್ಣದು. ಅರಮನೆ ರಸ್ತೆಯಲ್ಲಿ ಮರಗಳಿಗೆ ಕಟ್ಟಡದಷ್ಟೇ ಅಭಿಮಾನಿಗಳಿದ್ದಾರೆ. ಅದೇ ರಸ್ತೆಯಲ್ಲಿರುವ, ಕಬ್ಬನ್ ಸಾಹೇಬರ ಕಾಲದ ಬಾಲಬ್ರೂಯಿ ಅತಿಥಿಗೃಹವನ್ನು ಶಾಸಕರ ಕ್ಲಬ್ಬಿಗೆ ಬಳಸಿಕೊಳ್ಳುವ ಪ್ರಸ್ತಾಪ 2014ರಲ್ಲಿ ಬಂದಾಗ ಊರಿನವರು ಬೀದಿಗೆ ಬಂದು ವಿರೋಧಿಸಿದ್ದರು. ಅಲ್ಲಿನ ಹಳೆಯ ಮರಗಳ ಮಾತೇ ಆಗ ಎಲ್ಲಕ್ಕಿಂತ ಮುಂದಿತ್ತು. ಮಾಣಿಕ್ಯವೇಲು ಮ್ಯಾನ್ಷನ್ನಿನ ಮರಗಳ ಕೆಳಗೆ ಮಧ್ಯಾಹ್ನ ಕಾಲೇಜು ಹುಡುಗ ಹುಡುಗಿಯರು ಹಾಳೆ ಹರಡಿಕೊಂಡು ಕೂತು ಬಂಗಲೆಯ ಚಿತ್ರ ಬರೆಯುವುದುಂಟು. ಯಾರೂ ಅವರನ್ನು ಎಬ್ಬಿಸುವುದಿಲ್ಲ.

ಸಂಗ್ರಹದಲ್ಲಿ ರಾಜಾ ರವಿವರ್ಮ, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್ ಮೊದಲಾದವರ ಕೃತಿಗಳಿವೆ. ನಮ್ಮವರೇ ಆದ ಕೆ. ಕೆ. ಹೆಬ್ಬಾರರದೂ ಇವೆ. 1911ರಲ್ಲಿ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬಯಿ ಸೇರಿದ ಹೆಬ್ಬಾರರು ಕಡೆಯವರೆಗೂ ಊರಿನ ಕೋಳಿ ಅಂಕ, ಗದ್ದೆ, ಕುಣಿತಗಳನ್ನು ರೇಖೆಯಲ್ಲಿ ಹಿಡಿದವರು. ಪ್ರದರ್ಶನಗಳು ಬದಲಾಗುತ್ತಿರುತ್ತವೆ. ಆದ್ದರಿಂದ ಹೋದ ದಿನ ಯಾರ ಚಿತ್ರ ಗೋಡೆಯ ಮೇಲಿರುತ್ತದೆ ಎಂದು ಮೊದಲೇ ಹೇಳಲಾಗದು. ಮನೆಯಂತೂ ಅಲ್ಲೇ ಇರುತ್ತದೆ.

ಬೆಂಗಳೂರಿನಲ್ಲಿ ಅರ್ಧ ದಿನ ಸಿಕ್ಕಿದವರು ಬೆಳಿಗ್ಗೆಯೇ ಹೋಗುವುದು ಒಳ್ಳೆಯದು, ಆಗ ಶಾಲಾಮಕ್ಕಳ ಗದ್ದಲ ಇರುವುದಿಲ್ಲ. ಟಿಕೆಟ್ಟಿನ ದರ ತೀರಾ ಕಡಿಮೆ. ಸೋಮವಾರ ರಜೆ. ಧರ್ಮಕೇಂದ್ರದ ಕಟ್ಟಡ ಸಮಿತಿಯವರು ಹೋಗುವುದಾದರೆ ಜೊತೆಗೆ ತಮ್ಮ ಎಂಜಿನಿಯರನ್ನೂ ಕರೆದುಕೊಂಡು ಹೋಗಲಿ. ಬಂಗಲೆಗೂ ಹೊಸ ಗ್ಯಾಲರಿಗೂ ನಡುವೆ ಬಿಟ್ಟಿರುವ ಜಾಗದಲ್ಲಿ ನಿಂತು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ನೋಡಲು ಅವರಿಗೆ ಹೇಳಬೇಕು.